ಗೃಹೋಪಯೋಗಿ ವಿಜ್ಞಾನ: ಮನೆಯ ಧ್ವನಿವರ್ಧಕಕ್ಕೆ ವಾಲ್ವುಗಳ ಆಯ್ಕೆ

ನಾದವನ್ನು ಹೆಚ್ಚಿಸಿ ಕೇಳಬೇಕೆಂಬ ಬಯಕೆಯು ನಮ್ಮ ಮೈಸೂರಿಗೆ ಹೊಸದಲ್ಲ. ಸಂಗೀತ ಸಭೆಗಳಿಗೆ ಮೈಕು ಬಾರದಿದ್ದ ದಿನಗಳಲ್ಲಿ, ಪಿಟೀಲಿನ ಧ್ವನಿಯು ಹಿಂದಿನ ಸಾಲಿನವರೆಗೆ ಮುಟ್ಟುವುದಿಲ್ಲವೆಂಬ ಕೊರತೆಯನ್ನು ನೀಗಿಸುವುದಕ್ಕಾಗಿ, ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದ ಟಿ. ಚೌಡಯ್ಯನವರು ನಾಲ್ಕು ತಂತಿಯ ವಾದ್ಯಕ್ಕೆ ಮತ್ತೆ ಮೂರು ತಂತಿಗಳನ್ನು ಹೂಡಿ ಏಳು ತಂತಿಯ ಪಿಟೀಲನ್ನು ಪ್ರಚಾರಕ್ಕೆ ತಂದರು. 1935ನೆಯ ಇಸವಿ ಸೆಪ್ಟೆಂಬರ್ 10ರಂದು, ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಾದ 'ವಿಠ್ಠಲ ವಿಹಾರ'ದಿಂದಲೇ 30 ವಾಟಿನ ಒಂದು ಸಣ್ಣ ಯಂತ್ರವನ್ನಿಟ್ಟುಕೊಂಡು ಬಾನುಲಿ ಪ್ರಸಾರವನ್ನು ಆರಂಭಿಸಿದರು. 'ಆಕಾಶವಾಣಿ'ಯೆಂಬ ಆ ನಿಲಯದ ಹೆಸರೇ ಮುಂದೆ ಭಾರತದ ಬಾನುಲಿಗೆಲ್ಲ ಹೆಸರಾಯಿತು. ಟ್ರಾನ್ಸಿಸ್ಟರು ಹುಟ್ಟಿದುದು 1947ರಲ್ಲಿ. ಆದುದರಿಂದ ಅಂದು ಕಳುಹುವ ಯಂತ್ರದಲ್ಲಿಯೂ ಕೇಳುವ ಪೆಟ್ಟಿಗೆಯಲ್ಲಿಯೂ ದುಡಿಯುತ್ತಿದ್ದವು ಗಾಜಿನ ವಾಲ್ವುಗಳೇ.

ಅಂತಹ ವಾಲ್ವು ಸೆಟ್ಟುಗಳು ಚಾಮರಾಜಪುರ, ಲಕ್ಷ್ಮೀಪುರ, ಒಂಟಿಕೊಪ್ಪಲುಗಳ ಹಳೆಯ ಮನೆಗಳಲ್ಲಿ ಇಂದಿಗೂ ಉಳಿದಿರುವುದುಂಟು. ಅಜ್ಜನವರು ಕೊಂಡ ಪೆಟ್ಟಿಗೆಯನ್ನು ಗುಜರಿಯವನಿಗೆ ತೂಕಕ್ಕೆ ಹಾಕುವುದೋ, ಸರಿಪಡಿಸಿ ಬಳಸುವುದೋ ಎಂಬುದು ಕೆಲವು ಗೃಹಸ್ಥರ ಪ್ರಶ್ನೆ. ವಾಲ್ವಿನ ಧ್ವನಿಗೆ ಮನಸೋತು ಹೊಸದಾಗಿ ಒಂದನ್ನು ಕೊಳ್ಳಬೇಕೆಂದಿರುವವರೂ, ಕಟ್ಟಿಸಬೇಕೆಂದಿರುವವರೂ ಇನ್ನು ಕೆಲವರು. ಈ ಎರಡು ಬಗೆಯ ವಾಚಕರಿಗೂ ಉಪಯುಕ್ತವಾಗುವ ಸಂಗತಿಗಳನ್ನು ಈ ಸಂಚಿಕೆಯಲ್ಲಿ ತಿಳಿಸಲು ಯತ್ನಿಸುವೆವು. ಇಲ್ಲಿ ಅವಸರಪಟ್ಟರೆ ಹಣ ವ್ಯರ್ಥವಾಗುವುದಷ್ಟೇ ಅಲ್ಲ, ಪ್ರಾಣಕ್ಕೂ ಅಪಾಯವುಂಟು. ಆದಕಾರಣ ಲೇಖನವನ್ನು ಕಡೆಯವರೆಗೂ ಓದಬೇಕೆಂದು ಕೋರುವೆವು.

ಮೊದಲೇ ಒಂದು ಮಾತನ್ನು ನಿಷ್ಪಕ್ಷಪಾತವಾಗಿ ಹೇಳಿಬಿಡುವುದು ಮೇಲು. ಅಳತೆಯ ದೃಷ್ಟಿಯಿಂದ ನೋಡಿದರೆ ಇಂದಿನ ಒಳ್ಳೆಯ ಟ್ರಾನ್ಸಿಸ್ಟರು ಧ್ವನಿವರ್ಧಕವು ಕಡಿಮೆ ಬೆಲೆಗೆ ಹೆಚ್ಚು ಶಕ್ತಿಯನ್ನು ಕೊಡುವುದು, ಕಡಿಮೆ ಬಿಸಿಯಾಗುವುದು, ಧ್ವನಿಯನ್ನು ಕಡಿಮೆ ಕೆಡಿಸುವುದು. ವಾಲ್ವನ್ನು ಆರಿಸುವವರು ಬೇರೆ ಗುಣಗಳಿಗಾಗಿ ಆರಿಸತಕ್ಕದ್ದು. ಮಿತಿಮೀರಿದಾಗ ಅದರ ಧ್ವನಿ ಥಟ್ಟನೆ ಒಡೆಯದೆ ಮೆಲ್ಲಗೆ ಮಂಕಾಗುವುದು. ಅದರ ಒಂದೊಂದು ಅಂಗವೂ ಕಣ್ಣಿಗೆ ಕಾಣುವುದು, ಕೆಟ್ಟುದನ್ನು ಬಿಚ್ಚಿ ಬೇರೆಯದನ್ನು ಬೆಸೆಯಬಹುದು. ಅರವತ್ತು ವರ್ಷಗಳ ಹಳೆಯ ಸೆಟ್ಟನ್ನು ಇಂದಿಗೂ ಹಾಡಿಸಬಹುದಾದುದು ಈ ಕಾರಣದಿಂದಲೇ.

ವಾಲ್ವು ಮಾಡುವ ಕೆಲಸ

ಗಾಳಿಯನ್ನು ತೆಗೆದ ಗಾಜಿನ ಬುರುಡೆಯೊಳಗೆ ಕ್ಯಾಥೋಡೆಂಬ ಕೊಳವೆಯನ್ನು ತಂತಿಯಿಂದ ಕಾಯಿಸಿದರೆ ಅದರಿಂದ ಎಲೆಕ್ಟ್ರಾನುಗಳು ಹೊರಹೊಮ್ಮುವುವು. ಎದುರಿನ ಪ್ಲೇಟಿಗೆ ಹೆಚ್ಚಿನ ವೋಲ್ಟೇಜನ್ನು ಕೊಟ್ಟರೆ ಅವು ಅತ್ತ ಹರಿಯುವುವು. 1904ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗ್ ಎಂಬವರು ಇಂತಹ ವಾಲ್ವನ್ನು ನಿರ್ಮಿಸಿದರು. ಅನಂತರ ಎರಡು ವರ್ಷಗಳಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಎಂಬವರು ನಡುವೆ ಗ್ರಿಡ್ಡೆಂಬ ಮೂರನೆಯ ಅಂಗವನ್ನು ಸೇರಿಸಿದರು. ಕೆರೆಯ ತೂಬನ್ನು ನೋಡಿದವರಿಗೆ ಈ ಗ್ರಿಡ್ಡಿನ ಮರ್ಮ ಸುಲಭವಾಗಿ ತಿಳಿಯುವುದು. ತೂಬನ್ನೆತ್ತುವವನು ಹಾಕುವ ಬಲ ಅಲ್ಪ, ಅದರಿಂದ ಹರಿಯುವ ನೀರಿನ ಬಲ ಅಪಾರ. ಹಾಗೆಯೇ ಗ್ರಿಡ್ಡಿಗೆ ಬಂದ ಸಣ್ಣ ಸಂಕೇತವು ಪ್ಲೇಟಿನ ದೊಡ್ಡ ಪ್ರವಾಹವನ್ನು ತನ್ನಂತೆಯೇ ಏರಿಳಿಸುವುದು.

ಮೂರು ಅಂಗಗಳಿರುವುದು ಟ್ರಯೋಡು, ಐದು ಅಂಗಗಳಿರುವುದು ಪೆಂಟೋಡು. ಟ್ರಯೋಡಿನ ಧ್ವನಿ ಮೃದು, ಶಕ್ತಿ ಕಡಿಮೆ. ಪೆಂಟೋಡಿನದು ಶಕ್ತಿ ಹೆಚ್ಚು, ಆದರೆ ಹತೋಟಿಯಿಲ್ಲದೆ ಬಿಟ್ಟರೆ ಧ್ವನಿ ಒರಟು. ಇವೆರಡರ ನಡುವಣ ದಾರಿಯಾದ 'ಅಲ್ಟ್ರಾ ಲೀನಿಯರ್' ಎಂಬ ಜೋಡಣೆಯನ್ನು 1951ರಲ್ಲಿ ಅಮೆರಿಕದ ಹ್ಯಾಫ್ಲರ್ ಮತ್ತು ಕೆರೋಸ್ ಎಂಬವರು ಪ್ರಚುರಪಡಿಸಿದರು.

ಮೊದಲು ಸ್ಪೀಕರು, ಆಮೇಲೆ ವಾಲ್ವು

ವಾಲ್ವಿನ ಹೆಸರನ್ನು ಕೇಳಿಕೊಂಡು ಅಂಗಡಿಗೆ ಹೋಗುವುದು ತಪ್ಪು ಕ್ರಮ. ಮನೆಯಲ್ಲಿರುವ ಸ್ಪೀಕರು ಎಂತಹುದು, ಕೋಣೆ ಎಷ್ಟು ದೊಡ್ಡದು, ಕೇಳುವ ಸಂಗೀತ ಯಾವುದು ಎಂಬುದನ್ನು ಮೊದಲು ವಿಚಾರಿಸಬೇಕು. ಒಂದು ವಾಟನ್ನು ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಧ್ವನಿ ಬರುವುದೆಂಬುದನ್ನು ಸ್ಪೀಕರಿನ ವಿವರಪತ್ರದಲ್ಲಿ ಬರೆದಿರುವರು. ಶಕ್ತಿಯನ್ನು ಇಮ್ಮಡಿ ಮಾಡಿದರೂ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಆದುದರಿಂದ 84 ಡೆಸಿಬೆಲ್ಲಿನ ಸ್ಪೀಕರು 16 ವಾಟನ್ನು ತಿಂದು ಕೊಡುವ ಧ್ವನಿಯನ್ನು 93 ಡೆಸಿಬೆಲ್ಲಿನ ಸ್ಪೀಕರು ಎರಡೇ ವಾಟಿನಲ್ಲಿ ಕೊಡುವುದು. ವಾಲ್ವಿನ ವಾಟು ದುಬಾರಿಯಾದುದು. ಸ್ಪೀಕರಿನಲ್ಲಿ ಜಾಣತನ ತೋರಿಸಿದವನು ಧ್ವನಿವರ್ಧಕದಲ್ಲಿ ಹಣ ಉಳಿಸುವನು.

ವೀಣೆ, ಕೊಳಲು, ಹಾಡುಗಾರಿಕೆಗಳನ್ನು ನಡುಮನೆಯಲ್ಲಿ ಕುಳಿತು ಕೇಳುವವರಿಗೆ, ಸ್ಪೀಕರು ಚೆನ್ನಾಗಿದ್ದರೆ, ಒಂದೆರಡು ವಾಟು ಧಾರಾಳವಾಗಿ ಸಾಕು. ನಾಗಸ್ವರ ಮತ್ತು ಡೋಲು, ಅಥವಾ ಪಾಶ್ಚಾತ್ಯ ವಾದ್ಯವೃಂದವಾದರೆ ಮಾತು ಬೇರೆ. ಶ್ರೀ ಜಯಚಾಮರಾಜ ಒಡೆಯರವರು ರಷ್ಯದ ಸಂಗೀತಗಾರ ಮೆಟ್ನರ್ ಅವರ ಕೃತಿಗಳನ್ನು ಲಂಡನ್ನಿನಲ್ಲಿ ಧ್ವನಿಮುದ್ರಣ ಮಾಡಿಸಲು ಧನಸಹಾಯ ಮಾಡಿದುದನ್ನು ಸಂಗೀತ ಪ್ರಪಂಚವು ಕೃತಜ್ಞತೆಯಿಂದ ನೆನೆಯುತ್ತದೆ. ಪಿಯಾನೋ ಮತ್ತು ವಾದ್ಯವೃಂದ ಕೂಡಿದ ಅಂತಹ ಕೃತಿಗಳಲ್ಲಿ ಪಿಸುಮಾತಿನಷ್ಟು ಮೆಲ್ಲಗಿದ್ದ ಧ್ವನಿ ಒಮ್ಮೆಲೇ ಗುಡುಗಾಗುವುದು. ಆ ಒಂದು ಕ್ಷಣಕ್ಕೆ ಹತ್ತು ವಾಟಾದರೂ ಮೀಸಲಿರುವುದು ಒಳ್ಳೆಯದು.

ಒಂಟಿಯೋ, ಜೋಡಿಯೋ

ಧ್ವನಿವರ್ಧಕದ ಕಡೆಯ ಹಂತವನ್ನು ಎರಡು ಬಗೆಯಾಗಿ ಕಟ್ಟುವರು. ಒಂದೇ ವಾಲ್ವು ಸಂಕೇತದ ಏರಿಳಿತವೆರಡನ್ನೂ ಹೊರುವುದು ಒಂಟಿ ಕ್ರಮ, ಅಂದರೆ 'ಸಿಂಗಲ್ ಎಂಡೆಡ್'. ಎರಡು ವಾಲ್ವುಗಳು ಎದುರುಬದುರಾಗಿ ದುಡಿಯುವುದು ಜೋಡಿ ಕ್ರಮ, ಅಂದರೆ 'ಪುಷ್ ಪುಲ್'. ದೊಡ್ಡ ಗರಗಸವನ್ನು ಹಿಡಿದು ಮರ ಕೊಯ್ಯುವ ಇಬ್ಬರನ್ನು ನೆನೆಸಿಕೊಳ್ಳಿರಿ. ಒಬ್ಬನು ಎಳೆದಾಗ ಇನ್ನೊಬ್ಬನು ಸಡಿಲ ಬಿಡುವನು. ಜೋಡಿ ಕ್ರಮವೂ ಹಾಗೆಯೇ. ಇದರಿಂದ ಶಕ್ತಿ ಹೆಚ್ಚುವುದು. ಎರಡು ವಾಲ್ವುಗಳ ಸ್ಥಿರ ಪ್ರವಾಹಗಳು ಟ್ರಾನ್ಸ್‌ಫಾರ್ಮರಿನ ಕಬ್ಬಿಣದಲ್ಲಿ ಒಂದನ್ನೊಂದು ಕಳೆದುಕೊಳ್ಳುವುದರಿಂದ ಸಣ್ಣ ಕಬ್ಬಿಣವೇ ಸಾಕಾಗುವುದು. ಒಂಟಿ ಕ್ರಮದಲ್ಲಾದರೋ ಪ್ರವಾಹವು ಒಂದೇ ದಿಕ್ಕಿಗೆ ಹರಿಯುವುದರಿಂದ, ಕಬ್ಬಿಣದ ನಡುವೆ ಸಂದು ಬಿಟ್ಟು ಅದನ್ನು ದೊಡ್ಡದಾಗಿಯೇ ಮಾಡಬೇಕು. ಇಲ್ಲವಾದರೆ ಮೃದಂಗದ ಎಡಗಡೆಯ ತೊಪ್ಪಿಯ ನಾದ ಕೇಳಿಸದೆ ಹೋಗುವುದು.

ಹಾಗಿದ್ದರೂ ಒಂಟಿ ಕ್ರಮವನ್ನು ಮೆಚ್ಚುವವರು ಏಕಿರುವರೆಂಬುದನ್ನು ಸಂಗೀತ ಬಲ್ಲವರಿಗೆ ಸಂಗೀತದಿಂದಲೇ ತಿಳಿಸಬಹುದು. ಯಾವ ಧ್ವನಿವರ್ಧಕವೂ ಮೂಲಸ್ವರಕ್ಕೆ ತನ್ನ ಕಡೆಯಿಂದ ಒಂದಿಷ್ಟು ಅನುಸ್ವರವನ್ನು ಬೆರೆಸದಿರದು. ಮೂಲವು ಷಡ್ಜವಾದರೆ ಎರಡನೆಯ ಅನುಸ್ವರವು ತಾರಷಡ್ಜ, ಮೂರನೆಯದು ಅದರ ಮೇಲಣ ಪಂಚಮ, ನಾಲ್ಕನೆಯದು ಮತ್ತೆ ಷಡ್ಜ, ಐದನೆಯದು ತಂಬೂರಿಯಲ್ಲಿ ತಾನಾಗಿಯೇ ಮೂಡುವ ಅಂತರ ಗಾಂಧಾರ. ಏಳನೆಯದು ಮಾತ್ರ ಕೈಶಿಕಿ ನಿಷಾದಕ್ಕಿಂತ ತುಸು ಇಳಿದು, ಯಾವ ಮೆಟ್ಟಿಲಿಗೂ ಸೇರದೆ ಕಿವಿಗೆ ಚುಚ್ಚುವುದು. ಒಂಟಿ ಟ್ರಯೋಡು ಬೆರೆಸುವುದು ಮುಖ್ಯವಾಗಿ ಎರಡನೆಯದನ್ನು. ಅದು ತಪ್ಪೇ ಆದರೂ ಶ್ರುತಿಗೆ ಒಗ್ಗುವ ತಪ್ಪು. ಜೋಡಿ ಕ್ರಮದಲ್ಲಿ ಎರಡು, ನಾಲ್ಕು ಮುಂತಾದ ಸಮಸಂಖ್ಯೆಯವು ಅಳಿದು ಮೂರು, ಐದು, ಏಳು ಉಳಿಯುವುವು. ಒಟ್ಟು ವಿಕೃತಿ ಕಡಿಮೆಯಾದರೂ ಉಳಿದುದನ್ನು ಅಡಗಿಸಲು ಬೇರೊಂದು ಉಪಾಯ ಬೇಕಾಗುವುದು.

ಆ ಉಪಾಯವನ್ನು 1927ರಲ್ಲಿ ಅಮೆರಿಕದ ಹೆರಾಲ್ಡ್ ಬ್ಲ್ಯಾಕ್ ಎಂಬವರು ಕಂಡುಹಿಡಿದರು. ಗಾಯಕನು ತನ್ನ ಧ್ವನಿಯನ್ನು ತಾನೇ ಕೇಳಿಕೊಂಡು, ತಂಬೂರಿಗೆ ಹೋಲಿಸಿ, ಕ್ಷಣಕ್ಷಣಕ್ಕೂ ತಿದ್ದಿಕೊಳ್ಳುವನಷ್ಟೆ. ಹಾಗೆಯೇ ಹೊರಬಂದ ಸಂಕೇತದ ಒಂದಂಶವನ್ನು ಒಳಬರುವ ಸಂಕೇತಕ್ಕೆ ವಿರೋಧವಾಗಿ ಹಿಂತಿರುಗಿಸಿದರೆ ಯಂತ್ರವು ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವುದು. ಇದನ್ನು ನೆಗೆಟಿವ್ ಫೀಡ್‌ಬ್ಯಾಕ್ ಎನ್ನುವರು. ಆದರೆ ಕಳಪೆ ಟ್ರಾನ್ಸ್‌ಫಾರ್ಮರನ್ನಿಟ್ಟುಕೊಂಡು ಇದನ್ನು ಅತಿಯಾಗಿ ಬಳಸಿದರೆ ಧ್ವನಿವರ್ಧಕವು ತಾನೇ ಕೂಗತೊಡಗುವುದು. 1947ರಲ್ಲಿ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ಪ್ರಕಟವಾದ ವಿಲಿಯಂಸನ್ ಅವರ ಪ್ರಸಿದ್ಧ ನಕ್ಷೆಯು ಎರಡು ಕೆಟಿ 66 ವಾಲ್ವುಗಳಿಂದ 15 ವಾಟನ್ನು ಅತಿ ಶುದ್ಧವಾಗಿ ಕೊಡುವುದು. ಆದರೆ ಅದಕ್ಕೆ ಅತ್ಯುತ್ತಮವಾದ ಔಟ್‌ಪುಟ್ ಟ್ರಾನ್ಸ್‌ಫಾರ್ಮರೇ ಬೇಕು. ಹೊಸಬರು ಅದರ ಗೊಡವೆಗೆ ಹೋಗದಿರುವುದು ಲೇಸು.

ನಮ್ಮ ಸಲಹೆ

ಮೊದಲ ಬಾರಿಗೆ ಕಟ್ಟಿಸುವ ಗೃಹಸ್ಥರಿಗೆ ಇಎಲ್ 84 ಎಂಬ ಪುಟ್ಟ ಪೆಂಟೋಡನ್ನು ನಾವು ಸೂಚಿಸುವೆವು. ಒಂಟಿಯಾಗಿ ಬಳಸಿದರೆ ಇದು ಸುಮಾರು 5 ವಾಟನ್ನೂ, ಟ್ರಯೋಡಿನಂತೆ ಜೋಡಿಸಿದರೆ ಸುಮಾರು 2 ವಾಟನ್ನೂ ಕೊಡುವುದು. ಎರಡನ್ನು ಜೋಡಿಯಾಗಿ ಬಳಸಿದರೆ 10 ವಾಟನ್ನು ನಿರಾಯಾಸವಾಗಿ ಪಡೆಯಬಹುದು. ಮಲ್ಲಾರ್ಡ್ ಕಂಪೆನಿಯವರು 1954ರಲ್ಲಿ ಪ್ರಕಟಿಸಿದ 'ಐದು ಹತ್ತು' ಎಂಬ ನಕ್ಷೆ ಇಂದಿಗೂ ಅನುಸರಣೀಯವಾದುದು. ಐದು ವಾಲ್ವು, ಹತ್ತು ವಾಟು ಎಂದು ಅದರ ಹೆಸರಿನ ಅರ್ಥ. ಮೊದಲ ವರ್ಧನೆಗೆ ಇಎಫ್ 86, ಸಂಕೇತವನ್ನು ಎರಡು ಪಾಲು ಮಾಡಲು ಇಸಿಸಿ 83, ಕಡೆಯಲ್ಲಿ ಎರಡು ಇಎಲ್ 84, ವಿದ್ಯುತ್ತನ್ನು ಏಕಮುಖಗೊಳಿಸಲು ಒಂದು ರೆಕ್ಟಿಫೈಯರು. ಆಗಿನ ಮೈಕು, ಪಿಕಪ್ಪುಗಳ ದುರ್ಬಲ ಸಂಕೇತಕ್ಕಾಗಿ ಇಎಫ್ 86 ಬೇಕಾಗಿತ್ತು. ಇಂದಿನ ಸಿ.ಡಿ. ಯಂತ್ರ, ಮೊಬೈಲುಗಳ ಸಂಕೇತವು ಅರ್ಧದಿಂದ ಎರಡು ವೋಲ್ಟಿನವರೆಗೂ ಇರುವುದರಿಂದ, ಆ ಹಂತವನ್ನು ಬಿಟ್ಟು ಸರಳಗೊಳಿಸಿದ ನಕ್ಷೆಗಳೂ ಬಳಕೆಯಲ್ಲಿವೆ.

ದೊಡ್ಡ ಹಜಾರಕ್ಕೆ, ಇಲ್ಲವೆ ಶಕ್ತಿ ಹೆಚ್ಚು ಬೇಡುವ ಸ್ಪೀಕರಿಗೆ, ಇಎಲ್ 34 ವಾಲ್ವಿನ ಜೋಡಿ ಯೋಗ್ಯ. ಅದರಿಂದ 30 ವಾಟಿಗೂ ಮೇಲ್ಪಟ್ಟು ಪಡೆಯಬಹುದು. ರಸಿಕರು ಬಹಳವಾಗಿ ಹೊಗಳುವ 2ಎ3 ಮತ್ತು 300ಬಿ ಟ್ರಯೋಡುಗಳು ಒಂಟಿಯಾಗಿ ಕೊಡುವುದು ಕ್ರಮವಾಗಿ ಸುಮಾರು ಮೂರೂವರೆ ವಾಟು ಮತ್ತು ಎಂಟು ವಾಟು ಮಾತ್ರ. ಬೆಲೆಯೂ ಬಹಳ. ಮೊದಲ ಪ್ರಯತ್ನಕ್ಕೆ ಅವು ತಕ್ಕವಲ್ಲ.

ಹಣದ ವಿಚಾರದಲ್ಲಿ ಒಂದು ನಿಯಮವನ್ನು ನೆನಪಿನಲ್ಲಿಡತಕ್ಕದ್ದು. ವಾಲ್ವನ್ನು ನಾಳೆ ಬದಲಾಯಿಸಬಹುದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನು ಬದಲಾಯಿಸುವುದು ಕಷ್ಟ. ವಾಲ್ವಿಗೆ ಬೇಕಾದ ಸಾವಿರಾರು ಓಮುಗಳನ್ನು ಸ್ಪೀಕರಿನ ನಾಲ್ಕು ಅಥವಾ ಎಂಟು ಓಮುಗಳಿಗೆ ಹೊಂದಿಸುವುದು ಅದರ ಕೆಲಸ. ಇಎಲ್ 84 ಜೋಡಿಗೆ 8,000 ಓಮು ಬೇಕು. 8 ಓಮಿನ ಸ್ಪೀಕರಿಗೆ ಹೊಂದಿಸಬೇಕಾದರೆ ಸುತ್ತುಗಳ ಪ್ರಮಾಣವು ಸುಮಾರು 32ಕ್ಕೆ 1 ಇರಬೇಕು. ಇದನ್ನು ಸುತ್ತುವವನ ಕೈಚಳಕವೇ ಧ್ವನಿವರ್ಧಕದ ಯೋಗ್ಯತೆಯನ್ನು ನಿರ್ಣಯಿಸುವುದು. ಉಳಿತಾಯ ಮಾಡಬೇಕಾದಲ್ಲಿ ಪೆಟ್ಟಿಗೆಯ ಅಲಂಕಾರದಲ್ಲಿ ಮಾಡಿರಿ, ಇದರಲ್ಲಿ ಬೇಡ.

ನಡೆಸುವ ವೆಚ್ಚವನ್ನೂ ಲೆಕ್ಕ ಹಾಕೋಣ. ಎರಡೂ ಕಡೆಗೆ ಇಎಲ್ 84 ಜೋಡಿಗಳಿರುವ ಸ್ಟೀರಿಯೋ ಯಂತ್ರವು ಹಾಡಿದರೂ ಹಾಡದಿದ್ದರೂ ಸುಮಾರು 90 ವಾಟು ವಿದ್ಯುತ್ತನ್ನು ಎಳೆಯುವುದು. ದಿನಕ್ಕೆ ಮೂರು ಗಂಟೆಯಂತೆ ತಿಂಗಳಿಗೆ ಸುಮಾರು 8 ಯೂನಿಟ್ಟಾಗುವುದು. ಕಡೆಯ ಹಂತದ ವಾಲ್ವುಗಳು ಕೆಲವು ಸಾವಿರ ಗಂಟೆ ಬಾಳುವುವು. ದಿನಕ್ಕೆ ಮೂರು ಗಂಟೆಯಾದರೆ ವರ್ಷಕ್ಕೆ ಸಾವಿರದ ನೂರು ಗಂಟೆಗಳಾಗುವುದರಿಂದ, ಮೂರು ನಾಲ್ಕು ವರ್ಷಗಳಿಗೊಮ್ಮೆ ಬದಲಿಸಬೇಕಾದೀತೆಂದು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಕೇಳದಿರುವಾಗ ಆರಿಸಿಬಿಡತಕ್ಕದ್ದು.

ಹೆಸರಿನ ಗುಟ್ಟು, ಕೊಳ್ಳುವ ಎಚ್ಚರ

ವಾಲ್ವಿನ ಹೆಸರು ಅರ್ಥವಿಲ್ಲದ ಅಕ್ಷರಗಳ ಗುಂಪಲ್ಲ. ಯೂರೋಪಿನ ಕ್ರಮದಲ್ಲಿ ಮೊದಲ ಅಕ್ಷರ 'ಇ' ಆಗಿದ್ದರೆ ಹೀಟರಿಗೆ 6.3 ವೋಲ್ಟು. 'ಯು' ಆಗಿದ್ದರೆ ಹೀಟರುಗಳನ್ನು ಸಾಲಾಗಿ ಪೋಣಿಸುವ ಜಾತಿ. ಮುಂದಿನ 'ಸಿ' ಎಂದರೆ ಟ್ರಯೋಡು, 'ಸಿಸಿ' ಎಂದರೆ ಎರಡು ಟ್ರಯೋಡು, 'ಎಫ್' ಎಂದರೆ ಸಣ್ಣ ಪೆಂಟೋಡು, 'ಎಲ್' ಎಂದರೆ ಶಕ್ತಿಯ ಪೆಂಟೋಡು, 'ಝಡ್' ಎಂದರೆ ರೆಕ್ಟಿಫೈಯರು. ಅಮೆರಿಕದ ಕ್ರಮದಲ್ಲಿ ಮೊದಲ ಅಂಕಿಯೇ ಹೀಟರಿನ ವೋಲ್ಟೇಜನ್ನು ಸೂಚಿಸುವುದು. ಅಂಗಡಿಯವನು ಇಎಲ್ 84 ಇಲ್ಲವೆಂದು 6ಬಿಕ್ಯೂ5 ಕೊಟ್ಟರೆ, ಇಸಿಸಿ 83 ಇಲ್ಲವೆಂದು 12ಎಎಕ್ಸ್7 ಕೊಟ್ಟರೆ ಗಾಬರಿಪಡಬೇಕಾಗಿಲ್ಲ. ಅವು ಒಂದೇ ವಾಲ್ವಿನ ಎರಡು ಹೆಸರುಗಳು.

ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು 1961ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆಯನ್ನು ಆರಂಭಿಸಿತು. ಅಲ್ಲಿ ತಯಾರಾದ ಇಎಲ್ 84 ಮೊದಲಾದವು ಹಳೆಯ ದಾಸ್ತಾನಿನಲ್ಲಿ ಇಂದಿಗೂ ದೊರೆಯುವುದುಂಟು. ಆ ತಯಾರಿಕೆ ನಿಂತು ಬಹಳ ಕಾಲವಾಯಿತು. ಈಗ ಹೊಸ ವಾಲ್ವುಗಳು ಮುಖ್ಯವಾಗಿ ಸ್ಲೊವಾಕಿಯ, ರಷ್ಯ, ಚೀನ ದೇಶಗಳಿಂದ ಬರುತ್ತಿವೆ. ಹಳೆಯದನ್ನು ಕೊಳ್ಳುವಾಗ ಗಾಜಿನೊಳಗಣ ಬೆಳ್ಳಿಯಂತಹ ಲೇಪವನ್ನು ನೋಡಿರಿ. ಅದು ಹಾಲಿನಂತೆ ಬಿಳುಪಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ, ಆ ವಾಲ್ವು ನಿರರ್ಥಕ. ಮೇಲಣ ಅಕ್ಷರಗಳನ್ನು ಹೊಸದಾಗಿ ಅಚ್ಚುಹಾಕಿ ಮೋಸ ಮಾಡುವವರೂ ಉಂಟಾದುದರಿಂದ, ಪರೀಕ್ಷೆ ಮಾಡಿ ತೋರಿಸದ ಹೊರತು ಹೆಚ್ಚಿನ ಬೆಲೆ ಕೊಡಬಾರದು. ಜೋಡಿ ಕ್ರಮಕ್ಕೆ ಒಂದೇ ಅಳತೆಗೆ ಹೊಂದುವ ಎರಡನ್ನು ಕೇಳಿ ತೆಗೆದುಕೊಳ್ಳಬೇಕು.

ಹಳೆಯ ಸೆಟ್ಟಿನ ವಿಚಾರ

ಅಟ್ಟದಿಂದಿಳಿಸಿದ ಸೆಟ್ಟಿನ ಧೂಳೊರಸಿ ಒಡನೆಯೇ ಪ್ಲಗ್ಗು ಚುಚ್ಚುವುದು ಮಹಾಪ್ರಮಾದ. ವಾಲ್ವುಗಳು ಚೆನ್ನಾಗಿದ್ದರೂ ಒಳಗಣ ಕಂಡೆನ್ಸರುಗಳು ಒಣಗಿ ಕೆಟ್ಟಿರುವುವು. ಕಡೆಯ ವಾಲ್ವಿನ ಗ್ರಿಡ್ಡಿಗೆ ಸಂಕೇತವನ್ನು ಒಯ್ಯುವ ಕಾಗದದ ಕಂಡೆನ್ಸರು ಸೋರಿದರೆ ಆ ವಾಲ್ವು ಕೆಂಪಗೆ ಕಾದು, ಅದರೊಡನೆ ಟ್ರಾನ್ಸ್‌ಫಾರ್ಮರೂ ಸುಡುವುದು. ತಿಳಿದ ಕಸಬುದಾರನು ಮೊದಲು ಇವನ್ನು ಬದಲಿಸಿ, ಆಮೇಲೆ ಒಂದು ಸೀರೀಸ್ ಬಲ್ಬಿನ ಮೂಲಕ ವಿದ್ಯುತ್ತನ್ನು ಕೊಟ್ಟು ನೋಡುವನು. ಬಲ್ಬು ಪ್ರಖರವಾಗಿ ಉರಿದರೆ ಒಳಗೆ ದೋಷವಿದೆಯೆಂದು ಅರ್ಥ, ಸೆಟ್ಟಿಗೆ ಹಾನಿಯಿಲ್ಲ.

ಹಿಂಬದಿಯಲ್ಲಿ ವೋಲ್ಟೇಜನ್ನು ಆರಿಸುವ ತಿರುಗಣೆಯಿದ್ದರೆ ಅದನ್ನೂ ನೋಡಬೇಕು. 220 ವೋಲ್ಟಿಗೆ ಇಟ್ಟಿರುವ ಸೆಟ್ಟಿಗೆ 245 ವೋಲ್ಟು ಬಂದರೆ 6.3 ವೋಲ್ಟಿರಬೇಕಾದ ಹೀಟರಿಗೆ 7 ವೋಲ್ಟು ಬೀಳುವುದು. ವಾಲ್ವಿನ ಆಯುಸ್ಸು ಬೇಗ ತೀರುವುದು. ಸ್ಪೀಕರನ್ನು ಕಳಚಿಟ್ಟು ಸೆಟ್ಟನ್ನು ನಡೆಸಕೂಡದು. ನಡೆಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರು ಒಡೆಯುವ ಸಂಭವವುಂಟು.

ಪ್ರಾಣಕ್ಕೆ ಸಂಬಂಧಿಸಿದ ಮಾತು

ಈ ಯಂತ್ರಗಳೊಳಗೆ 250ರಿಂದ 400 ವೋಲ್ಟಿನವರೆಗೆ ಏಕಮುಖ ವಿದ್ಯುತ್ತು ಇರುವುದು. ಪ್ಲಗ್ಗು ತೆಗೆದ ಮೇಲೂ ಕಂಡೆನ್ಸರಿನಲ್ಲಿ ಅದು ಅಡಗಿ ಕುಳಿತಿರುವುದು. ಮೀಟರಿಟ್ಟು ನೋಡಿ ಸೊನ್ನೆಯಾಗಿದೆಯೆಂದು ಖಚಿತವಾಗುವವರೆಗೂ ಒಳಗೆ ಬೆರಳಿಡತಕ್ಕದ್ದಲ್ಲ. ಕಸಬು ಕಲಿಯದವರು ಮುಚ್ಚಳವನ್ನು ತೆಗೆಯಲೇಬಾರದು. ಲೋಹದ ಪೆಟ್ಟಿಗೆಯನ್ನು ಮೂರು ಕಡ್ಡಿಯ ಪ್ಲಗ್ಗಿನ ಮೂಲಕ ಭೂಮಿಗೆ ಜೋಡಿಸಿರಬೇಕು. ವಾಲ್ವುಗಳು ಮುಟ್ಟಲಾರದಷ್ಟು ಕಾಯುವುದರಿಂದ, ಮಕ್ಕಳಿರುವ ಮನೆಯಲ್ಲಿ ಅವುಗಳ ಮೇಲೆ ಜಾಲರಿಯ ಮುಸುಕು ಇರಬೇಕು.

ಇದಕ್ಕಿಂತ ಮಿಗಿಲಾದ ಅಪಾಯವೊಂದು ಯಾರ ಕಣ್ಣಿಗೂ ಬೀಳದೆ ಇರುವುದು. ಮೇಲೆ ಹೇಳಿದ 'ಯು' ಜಾತಿಯ ವಾಲ್ವುಗಳಿರುವ ಎ.ಸಿ./ಡಿ.ಸಿ. ಸೆಟ್ಟುಗಳಲ್ಲಿ ವಿದ್ಯುತ್ತನ್ನು ಬೇರ್ಪಡಿಸುವ ಟ್ರಾನ್ಸ್‌ಫಾರ್ಮರೇ ಇರುವುದಿಲ್ಲ. ಬೀದಿಯ ಕಂಬದಿಂದ ಬಂದ ತಂತಿಯೊಂದು ನೇರವಾಗಿ ಒಳಗಣ ಲೋಹದ ತಟ್ಟೆಗೆ ಸೇರಿರುವುದು. ಪ್ಲಗ್ಗು ತಿರುಗುಮುರುಗಾದರೆ ಇಡೀ ತಟ್ಟೆಯಲ್ಲಿ 230 ವೋಲ್ಟು ನಿಲ್ಲುವುದು. ಹಳೆಯ ರೇಡಿಯೋದ ಹಿಂದಿರುವ ಗ್ರಾಮಫೋನು ತೂತಿಗೆ ತಂತಿ ಚುಚ್ಚಿ ಮೊಬೈಲಿನ ಹಾಡನ್ನು ಕೇಳೋಣವೆಂದು ಮನೆಯ ಹುಡುಗರು ಹೊರಟರೆ, ಕೈಯಲ್ಲಿರುವ ಮೊಬೈಲೇ ಮೃತ್ಯುವಾದೀತು. ವಾಲ್ವಿನ ಹೆಸರು 'ಯು' ಎಂದು ಆರಂಭವಾಗಿದ್ದರೆ, ಅಥವಾ ಅಮೆರಿಕದ ಕ್ರಮದಲ್ಲಿ 35, 50 ಎಂಬ ಅಂಕಿಗಳಿಂದ ಆರಂಭವಾಗಿದ್ದರೆ, ಐಸೊಲೇಷನ್ ಟ್ರಾನ್ಸ್‌ಫಾರ್ಮರಿಲ್ಲದೆ ಅದಕ್ಕೆ ಹೊರಗಿನ ಯಾವ ತಂತಿಯನ್ನೂ ಜೋಡಿಸಕೂಡದು. ಇಂತಹ ಸೆಟ್ಟಿನ ಗುಂಡಿಯೊಂದು ಕಳಚಿ ಲೋಹದ ಕಡ್ಡಿ ಹೊರಗೆ ಕಾಣುತ್ತಿದ್ದರೆ ಅದನ್ನು ಮುಟ್ಟುವುದೂ ಅಪಾಯವೇ. ಈ ಸಂಗತಿಯನ್ನು ಮನೆಯ ಹೆಂಗಸರಿಗೂ ಮಕ್ಕಳಿಗೂ ತಿಳಿಯಹೇಳಬೇಕೆಂದು ಯಜಮಾನರನ್ನು ಪ್ರಾರ್ಥಿಸುವೆವು.

ಇನ್ನು ಆರಂಭದ ಪ್ರಶ್ನೆಗೆ ಉತ್ತರ. ಹಳೆಯ ಸೆಟ್ಟಿನ ಟ್ರಾನ್ಸ್‌ಫಾರ್ಮರುಗಳೂ ಸ್ಪೀಕರೂ ಕೆಡದಿದ್ದರೆ ಅದನ್ನು ತೂಕಕ್ಕೆ ಹಾಕಬೇಡಿರಿ. ಮೈಸೂರಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ವಾಲ್ವು ಬಲ್ಲ ಕಸಬುದಾರರು ಇನ್ನೂ ಇರುವರು. ಆದರೆ ಅವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿರುವುದರಿಂದ, ರಿಪೇರಿ ಮಾಡಿಸುವುದಾದರೆ ತಡ ಮಾಡಬಾರದು. ಮಾಡಿಸಿದ ಮೇಲೆ ಯಾವ ಯಾವ ಭಾಗವನ್ನು ಯಾವ ತಾರೀಖಿನಲ್ಲಿ ಬದಲಿಸಿದರೆಂಬುದನ್ನೂ, ಸೆಟ್ಟು 'ಇ' ಜಾತಿಯದೋ 'ಯು' ಜಾತಿಯದೋ ಎಂಬುದನ್ನೂ ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಹಿಂಬದಿಗೆ ಅಂಟಿಸಿಡಿರಿ. ಮುಂದೆ ಅದನ್ನು ಕೈಗೆತ್ತಿಕೊಳ್ಳುವ ಮೊಮ್ಮಕ್ಕಳಿಗೆ ಅದು ಬಹು ಉಪಯೋಗವಾಗುವುದು.